ಪರಕೀಯನೆನಿಸಿದವನ ಪಟ್ಟ

2025ನೆಯ ಇಸವಿ ಅಕ್ಟೋಬರ್ 25ರಂದು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ದೇಶದಲ್ಲಿ ಅಧ್ಯಕ್ಷ ಪದವಿಗೆ ಚುನಾವಣೆ ನಡೆದು, ಎಂಬತ್ತಮೂರು ವರ್ಷ ವಯಸ್ಸಿನ ಅಲಸಾನ್ ವತ್ತಾರಾ ಮಹಾಶಯರು ನೂರಕ್ಕೆ 89.77ರಷ್ಟು ಮತಗಳನ್ನು ಪಡೆದು ನಾಲ್ಕನೆಯ ಸಲ ಗದ್ದುಗೆಯನ್ನೇರಿದರು. ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಒಬ್ಬನನ್ನೇ ಮೆಚ್ಚಿದರೆಂಬ ಸುದ್ದಿ ಬಂದಾಗ, ಹತ್ತನೆಯವನು ಎಲ್ಲಿದ್ದಾನೆಂದು ವಿಚಾರಿಸುವುದು ಪತ್ರಿಕಾಕರ್ತರ ಕರ್ತವ್ಯವಷ್ಟೆ. ವಿಚಾರಿಸಿದಲ್ಲಿ ತಿಳಿದುಬರುವುದೇನೆಂದರೆ, ಎದುರಾಳಿಗಳಲ್ಲಿ ಪ್ರಬಲರಾದ ತಿಜಾನ್ ತ್ಯಾಮ್ ಅವರ ಹೆಸರನ್ನು ಆ ವರ್ಷದ ಏಪ್ರಿಲ್ ತಿಂಗಳಿನಲ್ಲಿಯೇ ಅಬಿಜಾನ್ ನಗರದ ನ್ಯಾಯಾಲಯವು ಮತದಾರರ ಪಟ್ಟಿಯಿಂದ ಹೊಡೆದುಹಾಕಿತ್ತು. ಕಾರಣ, ಅವರು ಆ ದೇಶದ ಪ್ರಜೆಯಲ್ಲವಂತೆ! ಮಾಜಿ ಅಧ್ಯಕ್ಷ ಲೊರಾಂ ಬಾಗ್ಬೋ ಅವರ ಹೆಸರೂ ಹಿಂದಿನದೊಂದು ಶಿಕ್ಷೆಯ ನಿಮಿತ್ತ ಪಟ್ಟಿಯಲ್ಲಿರಲಿಲ್ಲ. ಉಳಿದ ನಾಲ್ವರು ಅಭ್ಯರ್ಥಿಗಳು ಸೇರಿ ಪಡೆದುದು ಅಳಿದುಳಿದ ನೂರಕ್ಕೆ ಹತ್ತು.

ಇಷ್ಟೇ ಆಗಿದ್ದರೆ, ಬಲಿಷ್ಠನಾದ ಆಳುವವನು ತನ್ನ ಎದುರಾಳಿಯನ್ನು ಕಾಯಿದೆಯ ಬಲೆಯಲ್ಲಿ ಕೆಡವಿದ ಮತ್ತೊಂದು ಉದಾಹರಣೆಯೆಂದು ನಾವು ಸುಮ್ಮನಾಗಬಹುದಿತ್ತು. ಆದರೆ ಇಪ್ಪತ್ತೈದು ವರ್ಷಗಳ ಹಿಂದೆ, 2000ನೆಯ ಇಸವಿ ಅಕ್ಟೋಬರಿನಲ್ಲಿ, ಅದೇ ದೇಶದ ನ್ಯಾಯಾಧೀಶರು ಇದೇ ಮಾತನ್ನು ಹೇಳಿ ಇನ್ನೊಬ್ಬ ಅಭ್ಯರ್ಥಿಯನ್ನು ಹೊರಗಟ್ಟಿದ್ದರು. ಆ ಅಭ್ಯರ್ಥಿಯೇ ಈ ವತ್ತಾರಾ ಮಹಾಶಯರು! ಪರಕೀಯನೆಂಬ ಹೆಸರು ಹೊತ್ತು ಹದಿನೈದು ವರ್ಷ ಬಾಗಿಲ ಹೊರಗೆ ನಿಂತವರು ಒಳಗೆ ಬಂದಮೇಲೆ ಅದೇ ಬಾಗಿಲಿಗೆ ಅದೇ ಬೀಗವನ್ನು ಹಾಕಿದ ಬಗೆ ಹೇಗೆ, ಮತ್ತು ಇಂಥವರಿಗೆ ರಾಜ್ಯಭಾರದ ಶಿಕ್ಷಣ ಎಲ್ಲಿ ದೊರೆಯಿತು ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ವಿಚಾರಿಸಬೇಕೆಂದಿದ್ದೇವೆ. ಪರದೇಶದ ಬ್ಯಾಂಕುಗಳಲ್ಲಿಯೂ ಜಾಗತಿಕ ಸಂಸ್ಥೆಗಳಲ್ಲಿಯೂ ನುರಿತ ಪಂಡಿತರನ್ನು ಕರೆತಂದು ಕೂರಿಸಿದರೆ ದೇಶದ ಕಷ್ಟಗಳೆಲ್ಲ ಪರಿಹಾರವಾಗುವುವೆಂದು ನಂಬುವ ವಿದ್ಯಾವಂತರು ನಮ್ಮಲ್ಲಿಯೂ ಬೇಕಾದಷ್ಟು ಇದ್ದಾರೆ. ಅವರು ಈ ಚರಿತ್ರೆಯನ್ನು ಓದತಕ್ಕದ್ದು.

ಐವರಿ ಕೋಸ್ಟ್, ಎಂದರೆ ದಂತತೀರ, ಜಗತ್ತಿನ ಕೋಕೋ ಬೆಳೆಯಲ್ಲಿ ಸುಮಾರು ನೂರಕ್ಕೆ ನಲವತ್ತರಷ್ಟನ್ನು ಬೆಳೆಯುವ ದೇಶ. ಹಸಿ ಗೇರುಬೀಜದ ಬೆಳೆಯಲ್ಲಿಯೂ ಅದಕ್ಕೆ ಈಗ ಮೊದಲನೆಯ ಸ್ಥಾನ. ನಮ್ಮ ಕರಾವಳಿಯ ಗೇರುಬೀಜದ ಕಾರ್ಖಾನೆಗಳಿಗೆ ಹಡಗಿನಲ್ಲಿ ಬರುವ ಸರಕಿನಲ್ಲಿ ಆ ದೇಶದ ಉತ್ತರ ಭಾಗದ ರೈತರು ಬೆಳೆದದ್ದೂ ಸೇರಿರುತ್ತದೆ. 1960ರಲ್ಲಿ ಅದು ಫ್ರೆಂಚರ ಆಳ್ವಿಕೆಯಿಂದ ಬಿಡುಗಡೆ ಹೊಂದಿತು. ಅಂದಿನಿಂದ ಮೂವತ್ತಮೂರು ವರ್ಷ ಅದನ್ನು ಆಳಿದವರು ಹೂಫ್ವೇ-ಬ್ವಾನಿ ಎಂಬ ವೃದ್ಧ ಮುತ್ಸದ್ದಿ. ಭೂಮಿಯು ಅದನ್ನು ಸಾಗುವಳಿ ಮಾಡಿದವನಿಗೆ ಸೇರತಕ್ಕದ್ದೆಂಬುದು ಅವರ ನೀತಿ. ಈ ಮಾತನ್ನು ನಂಬಿ ಉತ್ತರದ ಒಣನಾಡಾದ ಅಪ್ಪರ್ ವೋಲ್ಟಾದಿಂದಲೂ (1984ರಿಂದ ಅದರ ಹೆಸರು ಬುರ್ಕಿನಾ ಫಾಸೋ) ಮಾಲಿಯಿಂದಲೂ ಲಕ್ಷಾಂತರ ಕೂಲಿಗಳು ಬಂದು ದಕ್ಷಿಣದ ಕಾಡು ಕಡಿದು ಕೋಕೋ ತೋಟಗಳನ್ನು ಎಬ್ಬಿಸಿದರು. 1998ರ ಜನಗಣತಿಯಲ್ಲಿ ಆ ದೇಶದ ನೂರು ಮಂದಿ ನಿವಾಸಿಗಳಲ್ಲಿ ಇಪ್ಪತ್ತಾರು ಮಂದಿ ಪರದೇಶೀಯರೆಂದು ದಾಖಲಾಯಿತು. ಕೋಕೋವಿಗೆ ಬೆಲೆಯಿದ್ದಷ್ಟು ಕಾಲ ಈ ಜನ ಬಂಧುಗಳು. ಬೆಲೆ ಬಿದ್ದ ಮೇಲೆ ಹೊರಗಿನವರು. ಮುಂದಿನ ಅನರ್ಥಗಳಿಗೆಲ್ಲ ಬೀಜ ಇಲ್ಲಿಯೇ ಇದೆ.

ವತ್ತಾರಾ ಅವರು ಹುಟ್ಟಿದ್ದು 1942ರ ಜನವರಿ 1ರಂದು, ಐವರಿ ಕೋಸ್ಟಿನ ಮಧ್ಯಭಾಗದ ದಿಂಬೋಕ್ರೋ ಎಂಬ ಊರಿನಲ್ಲಿ. ಆಗ ಇಡೀ ಪ್ರಾಂತವೇ ಫ್ರೆಂಚರ ಒಂದೇ ಸಾಮ್ರಾಜ್ಯವಾಗಿತ್ತು. ಇಂದಿನ ಗಡಿಗಳು ಅಂದು ಒಂದು ಜಿಲ್ಲೆಗೂ ಇನ್ನೊಂದು ಜಿಲ್ಲೆಗೂ ನಡುವಣ ಗೆರೆಗಳಿಗಿಂತ ಹೆಚ್ಚಿನವಲ್ಲ. ತಂದೆ ವ್ಯಾಪಾರಸ್ಥರು. ಅವರ ಮನೆತನದ ನಂಟು ಗಡಿಯಾಚೆಯ ಸಿಂದೂ ಎಂಬ ಊರಿನದು. ಬಾಲಕನ ವಿದ್ಯಾಭ್ಯಾಸ ಬಹುಮಟ್ಟಿಗೆ ಅಪ್ಪರ್ ವೋಲ್ಟಾದಲ್ಲಿಯೇ ನಡೆಯಿತು. ಅನಂತರ ವಿದ್ಯಾರ್ಥಿವೇತನ ಪಡೆದು ಅಮೆರಿಕಕ್ಕೆ ಹೋಗಿ, 1965ರಲ್ಲಿ ಫಿಲಡೆಲ್ಫಿಯದ ಡ್ರೆಕ್ಸೆಲ್ ಸಂಸ್ಥೆಯಲ್ಲಿ ಪದವೀಧರರಾಗಿ, 1972ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಿಂದ ಅರ್ಥಶಾಸ್ತ್ರದಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಓದು ಮುಗಿಯುವ ಮೊದಲೇ, 1968ರಲ್ಲಿ, ವಾಷಿಂಗ್ಟನ್ನಿನ ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ ಉದ್ಯೋಗ. 1973ರಲ್ಲಿ ಪಶ್ಚಿಮ ಆಫ್ರಿಕದ ರಾಜ್ಯಗಳ ಕೇಂದ್ರ ಬ್ಯಾಂಕು. 1983ರಲ್ಲಿ ಅದರ ಉಪ ಗವರ್ನರ್. 1984ರಲ್ಲಿ ಪುನಃ ನಿಧಿಗೆ, ಈ ಸಲ ಆಫ್ರಿಕ ಶಾಖೆಯ ನಿರ್ದೇಶಕರಾಗಿ. 1988ರಲ್ಲಿ ಕೇಂದ್ರ ಬ್ಯಾಂಕಿನ ಗವರ್ನರ್. ಕಚೇರಿಯಿಂದ ಕಚೇರಿಗೆ, ಮೆಟ್ಟಿಲಿನಿಂದ ಮೆಟ್ಟಿಲಿಗೆ, ನಲವತ್ತಾರು ವಯಸ್ಸಿನವರೆಗೆ ನಡೆದ ಈ ಏರಿಕೆಯಲ್ಲಿ ಒಂದು ಊರಿನ ಪಂಚಾಯತಿಗೂ ಅವರು ಮತ ಬೇಡಿದವರಲ್ಲ.

ಈ ಕೇಂದ್ರ ಬ್ಯಾಂಕಿನ ವಿಷಯದಲ್ಲಿ ಒಂದು ಮಾತು ಹೇಳಬೇಕು. ಅದು ಹೊರಡಿಸುವ ನಾಣ್ಯ ಸಿ. ಎಫ್. ಎ. ಫ್ರಾಂಕ್. 1945ರ ಡಿಸೆಂಬರಿನಲ್ಲಿ ಫ್ರೆಂಚ್ ಸರಕಾರವು ತನ್ನ ಆಫ್ರಿಕದ ವಸಾಹತುಗಳಿಗಾಗಿ ನಿರ್ಮಿಸಿದ ನಾಣ್ಯವಿದು. ವಸಾಹತುಗಳು ಹೋದವು, ಬಾವುಟಗಳು ಬದಲಾದವು, ನಾಣ್ಯ ಮಾತ್ರ ಉಳಿಯಿತು. ಅದರ ಬೆಲೆಯನ್ನು ಮೊದಲು ಫ್ರೆಂಚ್ ಫ್ರಾಂಕಿಗೂ ಈಗ ಯೂರೋವಿಗೂ ಬಿಗಿದು ಕಟ್ಟಿದ್ದಾರೆ. ಆ ರಾಜ್ಯಗಳ ಪರದೇಶ ನಾಣ್ಯದ ನಿಧಿಯಲ್ಲಿ ಅರ್ಧ ಭಾಗ ಇತ್ತೀಚಿನ ವರ್ಷಗಳವರೆಗೂ ಪ್ಯಾರಿಸಿನ ಖಜಾನೆಯಲ್ಲಿಯೇ ಇರಬೇಕಾಗಿತ್ತು. ಸ್ವರಾಜ್ಯ ಬಂದಮೇಲೂ ತನ್ನ ಬೊಕ್ಕಸದ ಬೀಗದ ಕೈಯನ್ನು ಹಳೆಯ ಧಣಿಯ ಸೊಂಟದಲ್ಲಿಯೇ ಬಿಟ್ಟ ರಾಜ್ಯವನ್ನು ಸ್ವತಂತ್ರವೆಂದು ಎಷ್ಟು ಮಟ್ಟಿಗೆ ಕರೆಯಬಹುದೆಂಬುದನ್ನು ವಾಚಕರೇ ನಿರ್ಣಯಿಸಲಿ. ವತ್ತಾರಾ ಅವರು ಈ ವ್ಯವಸ್ಥೆಯನ್ನು ಒಳಗಿನಿಂದ ಬಲ್ಲವರು, ಅದನ್ನು ಸದಾ ಸಮರ್ಥಿಸಿದವರು. 2019ರ ಡಿಸೆಂಬರ್ 21ರಂದು ಫ್ರಾನ್ಸಿನ ಅಧ್ಯಕ್ಷ ಮಾಕ್ರೋನ್ ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಈ ನಾಣ್ಯಕ್ಕೆ ‘ಎಕೋ’ ಎಂಬ ಹೊಸ ಹೆಸರನ್ನು ಅವರೇ ಅಬಿಜಾನಿನಲ್ಲಿ ಸಾರಿದರು. ಪ್ಯಾರಿಸಿನ ಖಜಾನೆಯ ಕಟ್ಟಳೆ ಆಮೇಲೆ ಸಡಿಲವಾಯಿತು. ಹೊಸ ನಾಣ್ಯ ಮಾತ್ರ ಸಂತೆಗೆ ಬರಲಿಲ್ಲ.

ಇವರು ರಾಜ್ಯಭಾರಕ್ಕೆ ಬಂದದ್ದು ಸಾಲದ ಬಾಗಿಲಿನಿಂದ. ಎಂಬತ್ತರ ದಶಕದ ಕೊನೆಯಲ್ಲಿ ಕೋಕೋವಿನ ಬೆಲೆ ಕುಸಿಯಿತು. 1987ರಲ್ಲಿ ಹೂಫ್ವೇ ಸರಕಾರ ಪರದೇಶದ ಸಾಲದ ಕಂತುಗಳನ್ನು ನಿಲ್ಲಿಸಿತು. ಬೆಲೆ ಏರಲೆಂದು ಕೋಕೋವನ್ನು ಮಾರದೆ ಹಿಡಿದಿಟ್ಟು ಇನ್ನಷ್ಟು ನಷ್ಟಕ್ಕೊಳಗಾಯಿತು. 1989ರಲ್ಲಿ ರೈತನ ಕೈಗೆ ಸಿಗುವ ಬೆಲೆ ಕಿಲೋವಿಗೆ 400 ಫ್ರಾಂಕಿನಿಂದ 200ಕ್ಕೆ ಇಳಿಯಿತು. ಇತ್ತ ರೈತನ ಗಂಜಿ ಅರ್ಧವಾದ ಮರುವರ್ಷವೇ ಅತ್ತ ಯಾಮೂಸುಕ್ರೋವಿನಲ್ಲಿ, ಆ ಅಧ್ಯಕ್ಷರ ಸ್ವಂತ ಊರಿನಲ್ಲಿ, ರೋಮಿನ ಪೀಟರ್ ದೇವಾಲಯಕ್ಕೆ ಸರಿಗಟ್ಟುವ ಬೃಹತ್ತಾದ ಚರ್ಚನ್ನು ಪೋಪ್ ಅವರೇ ಬಂದು ಪ್ರತಿಷ್ಠಿಸಿದರು! ಆ 1990ರ ವರ್ಷದಲ್ಲಿಯೇ ವಿದ್ಯಾರ್ಥಿಗಳೂ ನೌಕರರೂ ಬೀದಿಗಿಳಿದರು. ಸಾಲಕೊಟ್ಟವರಿಗೆ ಒಪ್ಪಿಗೆಯಾಗುವ ಮನುಷ್ಯನೊಬ್ಬ ಬೇಕಾಯಿತು. ಅಧ್ಯಕ್ಷರು ವತ್ತಾರಾ ಅವರನ್ನು ಕರೆಸಿ, ಮೊದಲು ಆರ್ಥಿಕ ಸುಧಾರಣೆಯ ಸಮಿತಿಗೂ ಅನಂತರ ನವೆಂಬರಿನಲ್ಲಿ ಪ್ರಧಾನಮಂತ್ರಿಯ ಪದವಿಗೂ ನೇಮಿಸಿದರು. ನಮ್ಮ ಹಳೆಯ ಸಂಸ್ಥಾನಗಳ ದಿವಾನಗಿರಿಯನ್ನು ಬಲ್ಲ ಹಿರಿಯರಿಗೆ ಈ ಏರ್ಪಾಡು ಹೊಸದಲ್ಲ: ದೊರೆಯ ನಂಬಿಕೆಯೊಂದೇ ಆಧಾರ, ಪ್ರಜೆಗಳ ಸಮ್ಮತಿಯ ಗೊಡವೆಯಿಲ್ಲ, ಹೊಗಳಿಕೆ ಅರಮನೆಗೆ, ಬೈಗುಳ ದಿವಾನರಿಗೆ.

ಮೂರು ವರ್ಷಗಳ ಆ ಆಡಳಿತ ನೌಕರಶಾಹಿಯ ದೃಷ್ಟಿಯಿಂದ ಸಮರ್ಥವಾದದ್ದು. ಖರ್ಚು ಕಡಿತವಾಯಿತು, ಸರಕಾರದ ಕೆಲವು ಉದ್ಯಮಗಳು ಖಾಸಗಿಯವರ ಕೈಸೇರಿದವು, ಲೆಕ್ಕಪತ್ರಗಳು ಒಂದು ಅಂದಕ್ಕೆ ಬಂದವು. ಆದರೆ ಎರಡು ಕೆಲಸಗಳನ್ನು ಇಲ್ಲಿ ಎತ್ತಿ ಹೇಳಲೇಬೇಕು. 1992ರ ಚಳುವಳಿಯ ಕಾಲದಲ್ಲಿ ವಿರೋಧಪಕ್ಷದ ನಾಯಕ ಬಾಗ್ಬೋ ಸೆರೆಮನೆ ಸೇರಿದ್ದು ಇದೇ ಮಂತ್ರಿಮಂಡಲದ ಕಾಲದಲ್ಲಿ. ಎರಡನೆಯದು ಇನ್ನೂ ದೂರ ಮುಟ್ಟಿದ್ದು. ಬೊಕ್ಕಸಕ್ಕೆ ಹಣ ಬೇಕಾಗಿ, ದೇಶದಲ್ಲಿರುವ ಪರದೇಶೀಯರೆಲ್ಲರೂ ಶುಲ್ಕ ತೆತ್ತು ನಿವಾಸದ ಚೀಟಿಯನ್ನು ಪಡೆಯತಕ್ಕದ್ದೆಂಬ ಕಟ್ಟಳೆ ಜಾರಿಗೆ ಬಂತು. ಲೆಕ್ಕದ ಪುಸ್ತಕದಲ್ಲಿ ಅದು ಆದಾಯದ ಒಂದು ಬಾಬು. ಬೀದಿಯಲ್ಲಿ ಅದರ ಅರ್ಥವೇ ಬೇರೆಯಾಯಿತು. ಪೋಲೀಸಿನವನು ದಾರಿಯಲ್ಲಿ ತಡೆದು ಚೀಟಿ ಕೇಳುತ್ತಿದ್ದುದು ಮುಖವನ್ನೂ ಹೆಸರನ್ನೂ ನೋಡಿ. ಉತ್ತರದ ಮುಸಲ್ಮಾನರ ಹೆಸರು, ವತ್ತಾರಾ, ಕುಲಿಬಾಲಿ, ತ್ರಾವೊರೆ ಎಂಬ ಹೆಸರು, ಗಡಿಯ ಈಚೆಗೂ ಉಂಟು ಆಚೆಗೂ ಉಂಟು. ಹೀಗಾಗಿ ಈ ದೇಶದಲ್ಲಿಯೇ ತಲೆತಲಾಂತರದಿಂದ ಇದ್ದವನೂ ತಾನು ಇಲ್ಲಿಯವನೆಂದು ದಿನವೂ ರುಜುವಾತು ಕೊಡಬೇಕಾದ ಸ್ಥಿತಿ ಒದಗಿತು. ಕಚೇರಿಯ ಮೇಜಿನ ಮೇಲೆ ಕೂತು ಕಟ್ಟಳೆಯ ಕರಡನ್ನು ತಿದ್ದಿದವರಿಗೆ ಇದು ಕಾಣಿಸಲಿಲ್ಲವೆಂದು ನಾವು ನಂಬಬಲ್ಲೆವು. ಮತಕ್ಕಾಗಿ ಊರೂರು ಅಲೆದವನಿಗೆ ಮೊದಲು ಕಾಣುವುದು ಇದೇ.

1993ರ ಡಿಸೆಂಬರ್ 7ರಂದು ಹೂಫ್ವೇ ತೀರಿಕೊಂಡರು. ಶಾಸನದ ಪ್ರಕಾರ ಶಾಸನಸಭೆಯ ಅಧ್ಯಕ್ಷರಾದ ಆನ್ರಿ ಕೊನಾನ್ ಬೆದಿಯೆ ಅವರಿಗೆ ಪಟ್ಟ. ಎರಡು ದಿನಗಳ ಜಗ್ಗಾಟದ ನಂತರ ವತ್ತಾರಾ ರಾಜೀನಾಮೆ ಕೊಟ್ಟು, ಮರುವರ್ಷ ಪುನಃ ವಾಷಿಂಗ್ಟನ್ನಿಗೆ ತೆರಳಿ, ನಿಧಿಯ ಉಪ ಆಡಳಿತ ನಿರ್ದೇಶಕರಲ್ಲೊಬ್ಬರಾದರು. 1999ರವರೆಗೆ ಅಲ್ಲಿದ್ದರು. ಇತ್ತ ಬೆದಿಯೆ ಅವರು ‘ಇವ್ವಾರಿತೇ’ ಎಂಬ ಹೊಸ ಮಂತ್ರವನ್ನು ದೇಶಕ್ಕೆ ಉಪದೇಶಿಸಿದರು. ಅಪ್ಪಟ ಐವರಿತನವೆಂದು ಅದರ ಅರ್ಥ. ಸಂಸ್ಕೃತಿಯ ಉದ್ಧಾರಕ್ಕೆಂದು ಹೇಳಿದರೂ ಅದರ ಮೊದಲನೆಯ ಫಲ 1994ರ ಡಿಸೆಂಬರಿನ ಚುನಾವಣಾ ಕಾಯಿದೆ: ಅಧ್ಯಕ್ಷ ಪದವಿಗೆ ನಿಲ್ಲುವವನ ತಂದೆತಾಯಿಗಳಿಬ್ಬರೂ ಹುಟ್ಟಿನಿಂದ ಆ ದೇಶದವರಾಗಿರಬೇಕು, ಅವನು ಹಿಂದಿನ ಐದು ವರ್ಷ ದೇಶದಲ್ಲಿಯೇ ವಾಸಿಸಿರಬೇಕು. ಒಬ್ಬನ ಅಳತೆ ತೆಗೆದು ಹೊಲಿದ ಅಂಗಿಯಂತೆ ಈ ಕಾಯಿದೆ ಒಬ್ಬ ಮನುಷ್ಯನಿಗೆ ಮಾತ್ರ ಸರಿಹೊಂದುತ್ತಿತ್ತು. 1995ರಲ್ಲಿ ವತ್ತಾರಾ ನಿಲ್ಲಲಿಲ್ಲ. ವಿರೋಧಪಕ್ಷಗಳು ಬಹಿಷ್ಕಾರ ಹೂಡಿದವು. ಬೆದಿಯೆ ನೂರಕ್ಕೆ ತೊಂಬತ್ತಾರರಷ್ಟು ಮತ ಪಡೆದರು. ಬಹುಮತದ ಈ ಅಂಕಿಯನ್ನು ವಾಚಕರು ನೆನಪಿಟ್ಟುಕೊಳ್ಳಬೇಕು.

ವತ್ತಾರಾ ಅವರ ವಿರೋಧಿಗಳ ವಾದದಲ್ಲಿ ಹುರುಳೇ ಇರಲಿಲ್ಲವೆಂದು ಹೇಳಲಾರೆವು. ಅಪ್ಪರ್ ವೋಲ್ಟಾದ ವಿದ್ಯಾರ್ಥಿಯೆಂದು ಅಮೆರಿಕಕ್ಕೆ ಹೋದವರು, ಆ ದೇಶದ ಪಾಸ್‌ಪೋರ್ಟಿನಲ್ಲಿ ಓಡಾಡಿದವರು ಈಗ ನಮ್ಮ ಅಧ್ಯಕ್ಷರಾಗುವುದು ಹೇಗೆಂದು ಅವರು ಕೇಳಿದರು. ಅಂತರರಾಷ್ಟ್ರೀಯ ಉದ್ಯೋಗಿಗೆ ಪಾಸ್‌ಪೋರ್ಟೆಂಬುದು ಒಂದು ಉಪಯೋಗದ ಕಾಗದ. ಯಾವುದು ಅನುಕೂಲವೋ ಅದು. ಹಳ್ಳಿಯವನ ಕಣ್ಣಿಗೆ ಅದೇ ನಿಷ್ಠೆಯ ಗುರುತು. ಈ ಎರಡು ದೃಷ್ಟಿಗಳ ನಡುವೆ ನ್ಯಾಯ ಹೇಳಬೇಕಾದವರು ಮತದಾರರು. ಅವರ ಮುಂದೆ ಆ ಪ್ರಶ್ನೆಯನ್ನಿಡಲು ಧೈರ್ಯವಿಲ್ಲದವರು ಅದನ್ನು ನ್ಯಾಯಾಧೀಶರ ಮುಂದೆ ಇಟ್ಟರು. ತಪ್ಪು ಇದ್ದದ್ದು ಅಲ್ಲಿ.

1999ರಲ್ಲಿ ನಿಧಿಯ ಉದ್ಯೋಗ ಬಿಟ್ಟು ಬಂದು ಪಕ್ಷದ ನಾಯಕತ್ವ ವಹಿಸಿದೊಡನೆ ಸುಳ್ಳು ಕಾಗದಪತ್ರಗಳ ಆಪಾದನೆಯ ಮೇಲೆ ಅವರನ್ನು ಹಿಡಿಯಲು ವಾರಂಟು ಹೊರಟಿತು. ಆ ಡಿಸೆಂಬರ್ 24ರಂದು ಸಿಪಾಯಿಗಳು ದಂಗೆಯೆದ್ದು ಬೆದಿಯೆ ಅವರನ್ನು ಓಡಿಸಿ, ಜನರಲ್ ರಾಬೇರ್ ಗೇಯಿ ಎಂಬುವರನ್ನು ಕೂರಿಸಿದರು. ಮುಂದಿನ ವರ್ಷ ಹೊಸ ರಾಜ್ಯಶಾಸನ ಬರೆಯುವಾಗ ನಡೆದ ವಾಗ್ವಾದವನ್ನು ನಮ್ಮ ವೈಯಾಕರಣರು ಕೇಳಿದ್ದರೆ ಬೆರಗಾಗುತ್ತಿದ್ದರು. ಅಭ್ಯರ್ಥಿಯ ತಂದೆ ‘ಮತ್ತು’ ತಾಯಿ ಆ ದೇಶದವರಾಗಿರಬೇಕೇ, ತಂದೆ ‘ಅಥವಾ’ ತಾಯಿ ಆಗಿದ್ದರೆ ಸಾಕೇ? ಒಂದು ಅವ್ಯಯದ ಮೇಲೆ ಒಂದು ರಾಷ್ಟ್ರದ ಭವಿಷ್ಯ ತೂಗಾಡಿತು. ‘ಮತ್ತು’ ಗೆದ್ದಿತು. ಹತ್ತೊಂಬತ್ತು ಮಂದಿ ಅಭ್ಯರ್ಥಿಗಳಲ್ಲಿ ಹದಿನಾಲ್ವರನ್ನು ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ಅವರಲ್ಲಿ ವತ್ತಾರಾ ಒಬ್ಬರು, ಇವ್ವಾರಿತೇಯ ಆಚಾರ್ಯರಾದ ಬೆದಿಯೆ ಇನ್ನೊಬ್ಬರು! ಚುನಾವಣೆಯಲ್ಲಿ ಬಾಗ್ಬೋ ಗೆದ್ದು, ಜನರಲ್ ಗೇಯಿ ಸೋಲನ್ನೊಪ್ಪದೆ ಹಟ ಹಿಡಿದು ಜನರ ಕೋಪಕ್ಕೆ ಹೆದರಿ ಓಡಿದರು. ವತ್ತಾರಾ ಪಕ್ಷದವರು ಮರುಚುನಾವಣೆ ಬೇಕೆಂದು ಬೀದಿಗಿಳಿದಾಗ ನಡೆದ ಕಗ್ಗೊಲೆಯ ಗುರುತಾಗಿ ಅಬಿಜಾನಿನ ಯೋಪುಗೋನ್ ಬಡಾವಣೆಯ ಕಾಡಿನಂಚಿನಲ್ಲಿ 57 ಯುವಕರ ಹೆಣಗಳು ರಾಶಿಯಾಗಿ ಸಿಕ್ಕಿದವು.

2002ರ ಸೆಪ್ಟೆಂಬರ್ 19ರಂದು ಉತ್ತರದ ಸಿಪಾಯಿಗಳು ಬಂಡೆದ್ದರು. ದೇಶ ಇಬ್ಭಾಗವಾಯಿತು. ವತ್ತಾರಾ ಅವರ ಮನೆ ಸುಟ್ಟುಹೋಯಿತು. ಅವರು ಫ್ರೆಂಚ್ ರಾಯಭಾರಿಯ ಆಶ್ರಯದಲ್ಲಿ ಪ್ರಾಣ ಉಳಿಸಿಕೊಂಡರು. ಅನಂತರದ ಸಂಧಿಗಳ ವಿವರದಿಂದ ಈ ಅಂಕಣವನ್ನು ತುಂಬಿಸಬೇಕಾಗಿಲ್ಲ. ದಕ್ಷಿಣ ಆಫ್ರಿಕದ ಅಧ್ಯಕ್ಷ ಎಂಬೆಕಿ ಅವರ ಮಧ್ಯಸ್ಥಿಕೆಯ ಫಲವಾಗಿ 2005ರಲ್ಲಿ ಬಾಗ್ಬೋ ತಮ್ಮ ವಿಶೇಷಾಧಿಕಾರವನ್ನು ಚಲಾಯಿಸಿ ವತ್ತಾರಾ ಅವರಿಗೆ ಸ್ಪರ್ಧಿಸಲು ಅನುಮತಿ ಕೊಟ್ಟರೆಂಬುದನ್ನು ಮಾತ್ರ ಹೇಳಿದರೆ ಸಾಕು. ಎಂದರೆ, ಎದುರಾಳಿಯನ್ನು ಪರಕೀಯನೆಂದು ಜರೆದವರು ಕಡೆಗೆ ಅವನ ಹಕ್ಕನ್ನು ಒಪ್ಪಿದರು. ಈ ಔದಾರ್ಯಕ್ಕೆ ಒತ್ತಾಯವೇ ಕಾರಣವಿರಬಹುದು. ಆದರೂ ಅದು ನಡೆಯಿತು.

2010ರ ಚುನಾವಣೆಯ ಮೊದಲ ಸುತ್ತಿನಲ್ಲಿ ಬಾಗ್ಬೋ ಮೊದಲನೆಯವರು, ವತ್ತಾರಾ ಎರಡನೆಯವರು, ಬೆದಿಯೆ ಮೂರನೆಯವರು. ಎರಡನೆಯ ಸುತ್ತಿಗೆ ಬೆದಿಯೆ ತಮ್ಮ ಹಳೆಯ ಮಂತ್ರವನ್ನು ಮರೆತು ವತ್ತಾರಾ ಅವರಿಗೆ ಬೆಂಬಲ ಕೊಟ್ಟರು. ನವೆಂಬರ್ 28ರ ಮತದಾನದಲ್ಲಿ ವತ್ತಾರಾ ನೂರಕ್ಕೆ 54.1ರಷ್ಟು ಪಡೆದು ಗೆದ್ದರೆಂದು ಚುನಾವಣಾ ಆಯೋಗ ಸಾರಿತು. ರಾಜ್ಯಶಾಸನ ಮಂಡಲಿಯು ಉತ್ತರದ ಏಳು ಜಿಲ್ಲೆಗಳ ಮತಗಳನ್ನು ರದ್ದುಮಾಡಿ ಬಾಗ್ಬೋ 51.45ರಷ್ಟು ಪಡೆದರೆಂದಿತು. ಸಂಯುಕ್ತ ರಾಷ್ಟ್ರಸಂಘದ ಪ್ರತಿನಿಧಿಯು ವತ್ತಾರಾ ಅವರ ಗೆಲುವನ್ನು ದೃಢೀಕರಿಸಿದರು. ಡಿಸೆಂಬರ್ 4ರಂದು ಒಂದೇ ದೇಶದಲ್ಲಿ ಇಬ್ಬರು ಪ್ರಮಾಣವಚನ ಸ್ವೀಕರಿಸಿದರು. ಒಬ್ಬರದು ಅರಮನೆ, ಇನ್ನೊಬ್ಬರದು ‘ಗಾಲ್ಫ್’ ಎಂಬ ಹೋಟೆಲು, ಸುತ್ತಲೂ ರಾಷ್ಟ್ರಸಂಘದ ಸಿಪಾಯಿಗಳ ಕಾವಲು.

ಹೋಟೆಲಿನಲ್ಲಿ ದಿಗ್ಬಂಧನದಲ್ಲಿದ್ದ ಈ ಅಧ್ಯಕ್ಷರು ಹೂಡಿದ ಯುದ್ಧವನ್ನು ಗಮನಿಸಬೇಕು. ಅವರ ಹಿಂದಿನ ಉದ್ಯೋಗ ಇಲ್ಲಿ ಉಪಯೋಗಕ್ಕೆ ಬಂತು. ಕೋವಿಯ ಯುದ್ಧ ಇನ್ನೂ ದೂರವಿರುವಾಗಲೇ ಅವರು ರುಜುವಿನ ಯುದ್ಧವನ್ನಾರಂಭಿಸಿದರು. ಡಿಸೆಂಬರ್ ಕೊನೆಯಲ್ಲಿ ಆ ನಾಣ್ಯ ಒಕ್ಕೂಟದ ಮಂತ್ರಿಗಳು ಸೇರಿ, ಐವರಿ ಕೋಸ್ಟಿನ ಖಾತೆಯ ಮೇಲೆ ಇನ್ನು ಮುಂದೆ ವತ್ತಾರಾ ಅವರ ಕಡೆಯವರ ರುಜುವೇ ಸಲ್ಲತಕ್ಕದ್ದೆಂದು ನಿರ್ಣಯಿಸಿದರು. ಒಂದು ಕಾಲಕ್ಕೆ ತಾವೇ ಗವರ್ನರಾಗಿದ್ದ ಕೇಂದ್ರ ಬ್ಯಾಂಕು! ಬಾಗ್ಬೋ ಅವರಿಗೆ ಒಲವಿದ್ದ ಆಗಿನ ಗವರ್ನರರು ಜನವರಿಯಲ್ಲಿ ರಾಜೀನಾಮೆ ಕೊಡಬೇಕಾಯಿತು. ಅನಂತರ ಕೋಕೋ ರಫ್ತು ನಿಲ್ಲಿಸುವಂತೆ ವತ್ತಾರಾ ಆಜ್ಞೆ ಹೊರಡಿಸಿದರು. ಅಬಿಜಾನ್ ಬಂದರಿನ ಉಗ್ರಾಣಗಳಲ್ಲಿ ಮೂಟೆಗಳು ರಾಶಿ ಬಿದ್ದವು. ಫೆಬ್ರವರಿಯಲ್ಲಿ ಬ್ಯಾಂಕುಗಳು ಬಾಗಿಲು ಮುಚ್ಚಿದವು. ಬಾಗ್ಬೋ ಕಡೆಯವರು ಕೇಂದ್ರ ಬ್ಯಾಂಕಿನ ಸ್ಥಳೀಯ ಶಾಖೆಯನ್ನು ವಶಪಡಿಸಿಕೊಂಡರು. ಮುಂದೆ ಅವರನ್ನು ಮತದಾರರ ಪಟ್ಟಿಯಿಂದ ಹೊರಗಿಟ್ಟ ಶಿಕ್ಷೆ ಇದೇ ಪ್ರಕರಣದ್ದು. ಸಿಪಾಯಿಗೆ ಸಂಬಳ ಕೊಡಲಾರದ ಸರಕಾರ ಎಷ್ಟು ದಿನ ನಿಂತೀತು? ಮಾರ್ಚಿ ತಿಂಗಳ ಕೊನೆಯಲ್ಲಿ ಉತ್ತರದ ಪಡೆಗಳು ದಕ್ಷಿಣಕ್ಕೆ ನುಗ್ಗಿದವು. ಫ್ರೆಂಚರೂ ರಾಷ್ಟ್ರಸಂಘದ ಪಡೆಯೂ ಮೇಲಿನಿಂದ ಗುಂಡಿನ ಮಳೆಗರೆದರು. ಏಪ್ರಿಲ್ 11ರಂದು ಬಾಗ್ಬೋ ಸೆರೆಸಿಕ್ಕರು.

ಈ ಜಗಳದಲ್ಲಿ ಸುಮಾರು ಮೂರು ಸಾವಿರ ಜನ ಪ್ರಾಣ ಕಳೆದುಕೊಂಡರು. ಪಶ್ಚಿಮದ ದ್ವೆಕ್ವೆ ಎಂಬ ಪಟ್ಟಣವನ್ನು ವತ್ತಾರಾ ಕಡೆಯ ಪಡೆಗಳು ಹಿಡಿದ ಸಮಯದಲ್ಲಿಯೇ ನೂರಾರು ಮಂದಿ ಹತರಾದರು. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಸ್ಥಾನದ ಮುಂದೆ ನಿಂತವರು ಮಾತ್ರ ಸೋತ ಪಕ್ಷದವರು. ಅಲ್ಲಿಯೂ ಬಾಗ್ಬೋ 2019ರಲ್ಲಿ ನಿರ್ದೋಷಿಯೆಂದು ಬಿಡುಗಡೆಯಾಗಿ 2021ರಲ್ಲಿ ಸ್ವದೇಶಕ್ಕೆ ಮರಳಿದರು. ಬಹುಮತ ಪಡೆದವನು ಅಧಿಕಾರಕ್ಕೆ ಬಂದದ್ದು ನ್ಯಾಯವೇ. ಆದರೆ ಅವನನ್ನು ಅರಮನೆಯವರೆಗೆ ಕೊಂಡೊಯ್ದದ್ದು ಹಳೆಯ ಚಕ್ರಾಧಿಪತ್ಯದ ಹೆಲಿಕಾಪ್ಟರುಗಳು ಎಂಬ ಕಳಂಕ ಆ ನ್ಯಾಯಕ್ಕೆ ಅಂಟಿಕೊಂಡಿತು. ರಾಷ್ಟ್ರಾಭಿಮಾನಿಯಾದ ಆಫ್ರಿಕದ ತರುಣನು ಇದನ್ನು ಮರೆಯಲಾರನು. ಮರೆಯಬೇಕೆಂದು ಅವನಿಗೆ ಬುದ್ಧಿ ಹೇಳುವ ಅಧಿಕಾರ ನಮಗಿಲ್ಲ.

ಅಧ್ಯಕ್ಷರಾದ ಮೇಲಿನ ಮೊದಲ ಹತ್ತು ವರ್ಷಗಳ ಕೆಲಸವನ್ನು ಮೆಚ್ಚದಿರುವುದು ಅನ್ಯಾಯವಾದೀತು. 2012ರಲ್ಲಿ ನಿಧಿಯಿಂದಲೂ ವಿಶ್ವಬ್ಯಾಂಕಿನಿಂದಲೂ ಸುಮಾರು 4.4 ಶತಕೋಟಿ ಡಾಲರುಗಳ ಸಾಲದ ಮಾಫಿ ದೊರೆಯಿತು. ಸಾಲಗಾರನ ಭಾಷೆಯನ್ನೂ ಸಾಹುಕಾರನ ಭಾಷೆಯನ್ನೂ ಬಲ್ಲವರಿಗೆ ಇದು ಸುಲಭ. 2012ರಿಂದ 2019ರವರೆಗೆ ದೇಶದ ಉತ್ಪನ್ನ ವರ್ಷಕ್ಕೆ ಸರಾಸರಿ ನೂರಕ್ಕೆ ಎಂಟರಂತೆ ಬೆಳೆಯಿತು. ರಸ್ತೆ, ವಿದ್ಯುತ್ತು, ಸೇತುವೆಗಳಾದವು. ಅಂತಃಕಲಹದಿಂದ ಬೇರೆಡೆಗೆ ಹೋಗಿದ್ದ ಆಫ್ರಿಕ ಅಭಿವೃದ್ಧಿ ಬ್ಯಾಂಕು 2014ರಲ್ಲಿ ಅಬಿಜಾನಿಗೆ ಹಿಂತಿರುಗಿತು. ಆ ವರ್ಷವೇ ಕಟ್ಟಿ ಮುಗಿಸಿದ ಹೊಸ ಸೇತುವೆಗೆ ಬೆದಿಯೆ ಅವರ ಹೆಸರನ್ನಿಟ್ಟರೆಂದರೆ ವಾಚಕರು ನಗಬಾರದು. ಕೋಕೋವಿನ ವಿಷಯದಲ್ಲಿ ಅವರು ತಮ್ಮ ಹಳೆಯ ಕಚೇರಿಯ ಪಾಠಕ್ಕೆ ವಿರುದ್ಧವಾಗಿಯೂ ನಡೆದರು. ಬೆಲೆಯನ್ನು ಸ್ಥಿರಗೊಳಿಸುತ್ತಿದ್ದ ಸರಕಾರಿ ಸಂಸ್ಥೆಯನ್ನು 1999ರಲ್ಲಿ ಸಾಲಕೊಟ್ಟವರ ಒತ್ತಾಯದಿಂದ ಮುಚ್ಚಿದ್ದರು. 2012ರಲ್ಲಿ ವತ್ತಾರಾ ಸರಕಾರ ಹೊಸ ಮಂಡಲಿಯನ್ನು ರಚಿಸಿ, ಬಂದರಿನ ಬೆಲೆಯಲ್ಲಿ ನೂರಕ್ಕೆ ಅರವತ್ತಾದರೂ ರೈತನಿಗೆ ಸಲ್ಲಬೇಕೆಂದು ಗೊತ್ತುಪಡಿಸಿತು. ಜನರ ಮತದಿಂದ ಬಂದವನು ಮಾತ್ರ ಈ ತಿದ್ದುಪಡಿ ಮಾಡಿಯಾನು. ನಿಧಿಯ ಅಧಿಕಾರಿಯಾಗಿಯೇ ಉಳಿದಿದ್ದರೆ ಅವರು ಇದಕ್ಕೆ ವಿರೋಧವಾಗಿ ಟಿಪ್ಪಣಿ ಬರೆಯುತ್ತಿದ್ದರೆಂಬುದು ನಮ್ಮ ಊಹೆ.

2015ರಲ್ಲಿ ನೂರಕ್ಕೆ 83ಕ್ಕಿಂತ ಹೆಚ್ಚು ಮತದಿಂದ ಪುನರಾಯ್ಕೆ. 2016ರಲ್ಲಿ ಹೊಸ ರಾಜ್ಯಶಾಸನ. ಅದರಲ್ಲಿ ‘ಮತ್ತು’ ಹೋಗಿ ‘ಅಥವಾ’ ಬಂತು. ತಂದೆತಾಯಿಗಳಲ್ಲೊಬ್ಬರು ಆ ದೇಶದವರಾಗಿದ್ದರೆ ಸಾಕೆಂದಾಯಿತು. ಅಭ್ಯರ್ಥಿಗೆ ಎಪ್ಪತ್ತೈದು ವರ್ಷ ಮೀರಿರಬಾರದೆಂಬ ಹಿಂದಿನ ಮಿತಿಯೂ ಹೋಯಿತು. ಎರಡು ಅವಧಿಗಳ ಮಿತಿ ಉಳಿಯಿತು. 2020ರ ಮಾರ್ಚಿಯಲ್ಲಿ ತಾವು ನಿಲ್ಲುವುದಿಲ್ಲವೆಂದು ವತ್ತಾರಾ ಸಾರಿದಾಗ ಪರದೇಶದ ಪತ್ರಿಕೆಗಳು ಹೊಗಳಿದವು. ಜುಲೈ 8ರಂದು ಅವರು ಆರಿಸಿದ್ದ ಉತ್ತರಾಧಿಕಾರಿ, ಪ್ರಧಾನಮಂತ್ರಿ ಗೋನ್ ಕುಲಿಬಾಲಿ ಹಠಾತ್ತಾಗಿ ತೀರಿಕೊಂಡರು. ಆಗಸ್ಟಿನಲ್ಲಿ ವತ್ತಾರಾ ತಾವೇ ನಿಲ್ಲುವೆನೆಂದರು. ಹೊಸ ಶಾಸನ ಬಂದ ಮೇಲೆ ಅವಧಿಗಳ ಎಣಿಕೆ ಹೊಸದಾಗಿ ಆರಂಭವಾಗುವುದೆಂಬುದು ಅವರ ವಾದ, ಲೆಕ್ಕಿಗರ ವಾದ. ವಿರೋಧಪಕ್ಷಗಳು ಬಹಿಷ್ಕಾರ ಹೂಡಿದವು, ಗಲಭೆಗಳಲ್ಲಿ 85 ಮಂದಿ ಸತ್ತರು, ಅವರಿಗೆ ನೂರಕ್ಕೆ 94.27ರಷ್ಟು ಮತ ಬಂತು. 1995ರ ಬೆದಿಯೆ ಅವರ ಅಂಕಿಯನ್ನು ನೆನಪಿಟ್ಟುಕೊಳ್ಳಿರೆಂದು ನಾವು ಹೇಳಿದ್ದು ಇದಕ್ಕಾಗಿ.

ಅಂತರರಾಷ್ಟ್ರೀಯ ಕಚೇರಿಗಳಿಂದ ಬಂದವರೆಲ್ಲರೂ ಹೀಗೆಯೇ ಎಂದು ಹೇಳುವುದು ಸಾಧ್ಯವಿಲ್ಲ. ವಿಶ್ವಬ್ಯಾಂಕಿನಿಂದ ಬಂದ ಸೋಗ್ಲೋ ಮಹಾಶಯರು ಬೆನಿನ್ ದೇಶದಲ್ಲಿ 1991ರಲ್ಲಿ ಅಧ್ಯಕ್ಷರಾಗಿ, 1996ರಲ್ಲಿ ಸೋತು, ಗದ್ದುಗೆ ಬಿಟ್ಟುಕೊಟ್ಟರು. ನೆರೆಯ ಲೈಬೀರಿಯದಲ್ಲಿ ವಿಶ್ವಬ್ಯಾಂಕಿನಲ್ಲಿಯೂ ರಾಷ್ಟ್ರಸಂಘದಲ್ಲಿಯೂ ಕೆಲಸ ಮಾಡಿದ್ದ ಎಲೆನ್ ಜಾನ್ಸನ್ ಸರ್ಲೀಫ್ ಎರಡು ಅವಧಿ ಆಳಿ 2018ರಲ್ಲಿ ಮನೆಗೆ ಹೋದರು. ವಿಶ್ವಬ್ಯಾಂಕಿನವರೇ ಆದ ಅಶ್ರಫ್ ಘನಿ 2021ರಲ್ಲಿ ಕಾಬೂಲನ್ನು ಬಿಟ್ಟು ವಿಮಾನ ಹತ್ತಿದ್ದನ್ನು ಎಲ್ಲರೂ ಬಲ್ಲರು. ವಿದ್ಯೆ ಒಂದೇ, ನಡತೆ ಬೇರೆ ಬೇರೆ. ಆದರೆ ವತ್ತಾರಾ ಅವರ ಸ್ಥಿತಿಯಲ್ಲಿ ಒಂದು ವಿಶೇಷವುಂಟು. ಉಳಿದವರಾರನ್ನೂ ‘ನೀನು ನಮ್ಮವನಲ್ಲ’ ಎಂದು ಅವರ ಜನ ಶಾಸನ ಬರೆದು ಹೊರಗಿಟ್ಟಿರಲಿಲ್ಲ. ಆ ನೋವನ್ನು ಅನುಭವಿಸಿದವರಿಂದ ಹೆಚ್ಚಿನದನ್ನು ನಿರೀಕ್ಷಿಸುವ ಹಕ್ಕು ಆ ದೇಶದ ಪ್ರಜೆಗಳಿಗಿತ್ತು.

ತ್ಯಾಮ್ ಅವರ ಪ್ರಕರಣವನ್ನು ನೋಡಿರಿ. ಅವರು 1962ರಲ್ಲಿ ಅಬಿಜಾನಿನಲ್ಲಿ ಹುಟ್ಟಿದವರು. ತಾಯಿಯ ಕಡೆಯಿಂದ ಹೂಫ್ವೇ ಅವರ ಮನೆತನಕ್ಕೆ ಸೇರಿದವರು. ಬೆದಿಯೆ ಸರಕಾರದಲ್ಲಿ ಮಂತ್ರಿಯಾಗಿದ್ದವರು. ದಂಗೆಯ ನಂತರ ಯೂರೋಪಿಗೆ ಹೋಗಿ ದೊಡ್ಡ ವಿಮಾ ಸಂಸ್ಥೆಯ, ಅನಂತರ ಸ್ವಿಟ್ಜರ್ಲೆಂಡಿನ ಕ್ರೆಡಿಟ್ ಸ್ವೀಸ್ ಬ್ಯಾಂಕಿನ ಮುಖ್ಯಾಧಿಕಾರಿಯಾಗಿ 2020ರವರೆಗೆ ಇದ್ದರು. 2023ರಲ್ಲಿ ಬೆದಿಯೆ ತೀರಿಕೊಂಡ ಮೇಲೆ ಆ ಪಕ್ಷದ ನಾಯಕರಾದರು. 1987ರಲ್ಲಿ ಅವರು ಫ್ರೆಂಚ್ ಪ್ರಜಾತ್ವವನ್ನು ಪಡೆದಿದ್ದರು. ಅರವತ್ತರ ದಶಕದ ಕಾಯಿದೆಯ ಒಂದು ಕಲಮಿನಂತೆ, ಬೇರೆ ದೇಶದ ಪ್ರಜೆಯಾದೊಡನೆ ಸ್ವದೇಶದ ಪ್ರಜಾತ್ವ ತಾನಾಗಿ ಹೋಗುತ್ತದೆ. 2025ರ ಆರಂಭದಲ್ಲಿ ಅವರು ಫ್ರೆಂಚ್ ಪ್ರಜಾತ್ವವನ್ನು ಬಿಟ್ಟುಕೊಟ್ಟರೂ, ಪಟ್ಟಿಗೆ ಹೆಸರು ಸೇರಿಸಿದ ದಿನ ಅವರು ಪರಕೀಯರೇ ಆಗಿದ್ದರೆಂದು ನ್ಯಾಯಾಲಯ ಹೇಳಿತು. ಈ ಕಲಮನ್ನು ಎಷ್ಟು ಮಂದಿಗೆ ಅನ್ವಯಿಸಿದ್ದಾರೆ, ಎಷ್ಟು ಮಂದಿಯ ವಿಷಯದಲ್ಲಿ ಕಣ್ಣು ಮುಚ್ಚಿಕೊಂಡಿದ್ದಾರೆಂದು ತ್ಯಾಮ್ ಪಕ್ಷದವರು ಕೇಳುತ್ತಾರೆ. ನ್ಯಾಯಾಲಯ ಸ್ವತಂತ್ರವಾದದ್ದು, ತಮಗೂ ಅದಕ್ಕೂ ಸಂಬಂಧವಿಲ್ಲ ಎಂಬುದು ಸರಕಾರದ ಕಡೆಯವರ ಉತ್ತರ. 2000ದಲ್ಲಿ ವತ್ತಾರಾ ಅವರಿಗೆ ಸಿಕ್ಕಿದ ಉತ್ತರವೂ ಇದೇ.

ಶಾಸನಸಭೆಯಲ್ಲಿ ಬಹುಮತವಿದ್ದ ಅಧ್ಯಕ್ಷರು ಆ ಹಳೆಯ ಕಲಮನ್ನು ಒಂದು ಮಧ್ಯಾಹ್ನದಲ್ಲಿ ತಿದ್ದಿಸಬಹುದಿತ್ತು. 2005ರಲ್ಲಿ ಬಾಗ್ಬೋ ಮಾಡಿದಂತೆ ವಿಶೇಷಾಧಿಕಾರದಿಂದ ದಾರಿ ತೋರಬಹುದಿತ್ತು. ಎರಡನ್ನೂ ಮಾಡಲಿಲ್ಲ. ಗೆಲುವಿನ ವಿಷಯದಲ್ಲಿ ಅವರಿಗೆ ಅಂಜಿಕೆಯಿತ್ತೆಂದು ಕೆಲವರು ಹೇಳುತ್ತಾರೆ. ಹದಿನಾಲ್ಕು ವರ್ಷ ಆಳಿದ, ರಸ್ತೆ ಸೇತುವೆಗಳನ್ನು ಕಟ್ಟಿಸಿದ ಅಧ್ಯಕ್ಷರಿಗೆ ಅಂಜಿಕೆಯ ಅಗತ್ಯವಿರಲಿಲ್ಲವೆಂದು ನಾವು ಎಣಿಸುತ್ತೇವೆ. ನಮ್ಮ ಅಭಿಪ್ರಾಯದಲ್ಲಿ ಕಾರಣ ಅವರ ಶಿಕ್ಷಣದಲ್ಲಿದೆ. ನಿಧಿಯ ಅಧಿಕಾರಿಗೆ ಮೇಲಧಿಕಾರಿ ಉಂಟು, ಮತದಾರನಿಲ್ಲ. ಅವನು ಒಂದು ದೇಶಕ್ಕೆ ಹೋಗಿ ಲೆಕ್ಕ ನೋಡಿ, ಮಾಡತಕ್ಕದ್ದನ್ನು ಬರೆದಿಟ್ಟು, ವಿಮಾನ ಹತ್ತುತ್ತಾನೆ. ತನ್ನ ನಿರ್ಣಯ ಸರಿಯೆಂಬ ವಿಷಯದಲ್ಲಿ ಅವನಿಗೆ ಸಂದೇಹವಿರುವುದಿಲ್ಲ. ತನ್ನ ಬದಲು ಇನ್ನೊಬ್ಬನು ಬಂದು ಲೆಕ್ಕವನ್ನು ಕೆಡಿಸುವುದು ಅವನ ದೃಷ್ಟಿಯಲ್ಲಿ ಅಪಾಯವೇ ಹೊರತು ಪ್ರಜೆಗಳ ಹಕ್ಕಲ್ಲ.

ಉತ್ತರಾಧಿಕಾರದ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 2016ರ ಶಾಸನದಲ್ಲಿ ಉಪಾಧ್ಯಕ್ಷರನ್ನು ಅಧ್ಯಕ್ಷರ ಜೊತೆಯಲ್ಲಿಯೇ ಪ್ರಜೆಗಳು ಚುನಾಯಿಸತಕ್ಕದ್ದೆಂದಿತ್ತು. 2020ರ ತಿದ್ದುಪಡಿಯಿಂದ ಅಧ್ಯಕ್ಷರೇ ಶಾಸನಸಭೆಯ ಒಪ್ಪಿಗೆ ಪಡೆದು ನೇಮಿಸುವಂತಾಯಿತು. ಅಧ್ಯಕ್ಷರು ತೀರಿಕೊಂಡರೆ ಗದ್ದುಗೆ ಈ ಉಪಾಧ್ಯಕ್ಷರದು. 2022ರ ಏಪ್ರಿಲಿನಲ್ಲಿ ವತ್ತಾರಾ ಆ ಪದವಿಗೆ ತಿಯೆಮೊಕೊ ಮೆಯ್ಲಿಯೆ ಕೋನೇ ಎಂಬುವರನ್ನು ನೇಮಿಸಿದರು. ಅವರು ಅದುವರೆಗೆ ಪಶ್ಚಿಮ ಆಫ್ರಿಕದ ರಾಜ್ಯಗಳ ಕೇಂದ್ರ ಬ್ಯಾಂಕಿನ ಗವರ್ನರಾಗಿದ್ದವರು.